ಯಾರೂ ಒಯ್ಯದ ಪುಸ್ತಕ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ವರ್ಷಾನುಗಟ್ಟಲೆ ಯಾರೂ ಒಯ್ಯದ ಹಳೆಯ ಕಾವ್ಯಗಳನ್ನು ಇಟ್ಟುಕೊಳ್ಳಬೇಕೇ, ತೆಗೆದುಹಾಕಿ ಜಾಗ ಖಾಲಿ ಮಾಡಬೇಕೇ ಎಂಬ ಮಾತು ನಮ್ಮ ಕಡೆ ಆಗೀಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಗ್ರಂಥಪಾಲಕರಿಗೆ, ಹೆಚ್ಚೆಂದರೆ ಸಾಹಿತಿಗಳಿಗೆ ಸಂಬಂಧಪಟ್ಟ ವಿಷಯ ಅನ್ನಿಸುತ್ತದೆ. ಮನೆ, ಮಕ್ಕಳು, ನೌಕರಿ, ಬಂದು ಹೋಗುವವರ ಊಟ ಉಪಚಾರ ಇವುಗಳ ನಡುವೆ ಬಿಡುವು ಸಿಕ್ಕರೆ ಒಂದು ಕಾದಂಬರಿ ಓದುವ ನಮ್ಮಂಥ ಹೆಣ್ಣುಮಕ್ಕಳಿಗೆ ಪಂಪ, ರನ್ನ ಕಪಾಟಿನಲ್ಲಿದ್ದರೆಷ್ಟು, ಇಲ್ಲದಿದ್ದರೆಷ್ಟು ಎಂದು ಕೇಳುವವರಿದ್ದಾರೆ. ಯಾದಗಿರಿ, ಶಹಾಪುರ, ಸುರಪುರ ಸುತ್ತಿನ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಕನ್ನಡ ಪಾಠ ಹೇಳುತ್ತ ಬಂದಿರುವ ನನಗೆ ಮಾತ್ರ ಇದು ಎಲ್ಲರಿಗಿಂತ ಹೆಚ್ಚಾಗಿ ನಮ್ಮದೇ ಪ್ರಶ್ನೆ ಎಂದು ತೋರುತ್ತದೆ. ಯಾಕೆಂದು ಹೇಳುವ ಮೊದಲು, ತೆಗೆಯಬೇಕು ಎನ್ನುವವರ ಮಾತನ್ನೂ ನ್ಯಾಯವಾಗಿ ಕೇಳೋಣ.

ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನಮ್ಮ ಊರುಗಳ ಗ್ರಂಥಾಲಯಕ್ಕೆ ಯಾವುದಾದರೂ ಒಂದು ದಿನ ಬೆಳಿಗ್ಗೆ ಹೋಗಿ ನೋಡಿ. ಬಾಗಿಲು ತೆಗೆಯುವ ಮೊದಲೇ ಹುಡುಗರು, ಈಗ ಹುಡುಗಿಯರೂ ಕೂಡ, ಕೈಯಲ್ಲಿ ನೋಟ್‌ಬುಕ್ ಹಿಡಿದು ನಿಂತಿರುತ್ತಾರೆ. ಪೊಲೀಸ್ ನೌಕರಿ, ಶಿಕ್ಷಕರ ನೌಕರಿ, ಎಫ್.ಡಿ.ಎ., ಎಸ್.ಡಿ.ಎ. ಹೀಗೆ ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಿರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಕೂಲಿ ಮಾಡುವವರ ಮಕ್ಕಳು. ಬೆಂಗಳೂರು, ಪುಣೆ, ಮುಂಬಯಿ ಎಂದು ಗುಳೇ ಹೋದವರ ಮಕ್ಕಳು. ಮನೆಯಲ್ಲಿ ಕೂತು ಓದಲು ಮೂಲೆಯಿಲ್ಲ. 371(ಜೆ) ವಿಧಿಯಡಿ 2013ರಿಂದ ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಬಂದ ಮೇಲೆ ಈ ಮಕ್ಕಳಿಗೆ ಒಂದು ಆಸೆ ಹುಟ್ಟಿದೆ. ಕುರ್ಚಿ ಸಾಲದೆ ಮೆಟ್ಟಿಲ ಮೇಲೆ ಕೂತು ಓದುವ ಇವರ ಎದುರಿಗೆ ಎರಡು ಕಪಾಟು ತುಂಬ ಯಾರೂ ಮುಟ್ಟದ ಕಾವ್ಯಗಳು ನಿಂತಿದ್ದರೆ, ಆ ಕಪಾಟು ತೆಗೆದು ನಾಲ್ಕು ಕುರ್ಚಿ ಹಾಕಬಾರದೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನಗೂ ಅನ್ನಿಸಿದೆ. ಹಾಗೆ ಕೇಳುವವರೆಲ್ಲ ಸಾಹಿತ್ಯದ ಶತ್ರುಗಳೆಂದು ಬೈಯುವುದು ಸರಿಯಲ್ಲ.

ಆದರೆ ಆ ಕಪಾಟಿನಲ್ಲಿ ಇರುವವರು ಯಾರು ಎಂದು ಒಮ್ಮೆ ನೋಡಬೇಕಲ್ಲವೇ? ನಮ್ಮ ಸಗರನಾಡಿನ ಮಟ್ಟಿಗೆ ಅವರು ದೂರದವರೇನಲ್ಲ. ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಬಸವಣ್ಣನವರಿಗಿಂತ ಹಿಂದಿನ ವಚನಕಾರ. ಕೆಂಭಾವಿಯ ಭೋಗಣ್ಣ ಇಲ್ಲಿಯವನು. ಕೊಡೇಕಲ್ಲ ಬಸವಣ್ಣ, ತಿಂಥಣಿಯ ಮೌನೇಶ್ವರ ಇಲ್ಲಿಯವರು. ಇಂದಿಗೂ ಇವರ ಜಾತ್ರೆಗೆ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನೆಂದು ಬಹಳ ವಿದ್ವಾಂಸರು ಹೇಳುತ್ತಾರೆ; ಅಲ್ಲ, ನಮ್ಮ ಸುರಪುರ ಬಳಿಯ ದೇವಾಪುರದವನು ಎಂದು ಇಲ್ಲಿನವರು ವಾದಿಸುತ್ತ ಬಂದಿದ್ದಾರೆ. ವಾದ ಯಾರು ಗೆದ್ದರೂ ಸರಿ. ಕವಿ ನಮ್ಮವನೆಂದು ಸಭೆಯಲ್ಲಿ ಎದೆ ತಟ್ಟಿ ಹೇಳಿ, ಅವನ ಪುಸ್ತಕವನ್ನು ಮಾತ್ರ ಯಾರೂ ಒಯ್ಯುವುದಿಲ್ಲವೆಂದು ಗ್ರಂಥಾಲಯದಿಂದ ಹೊರಗೆ ಹಾಕಿದರೆ ಆ ಅಭಿಮಾನಕ್ಕೆ ಏನು ಅರ್ಥ?

ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿದೆ. ನೋಡುವವರು ಬಂದರೂ ಬಾರದಿದ್ದರೂ ಅದು ಅಲ್ಲೇ ಇರುತ್ತದೆ. ಪುಸ್ತಕ ಹಾಗಲ್ಲ. ಒಮ್ಮೆ ರದ್ದಿಗೆ ಹೋಯಿತೆಂದರೆ ಮರುವಾರದ ಸಂತೆಯಲ್ಲಿ ಮಿರ್ಚಿ ಭಜಿ ಕಟ್ಟಿಕೊಡುವ ಕಾಗದವಾಗಿ ಮನೆಗೆ ಬರುತ್ತದೆ, ಅಷ್ಟೇ.

ಇನ್ನು 'ಯಾರೂ ಒಯ್ಯುವುದಿಲ್ಲ' ಎಂಬ ಮಾತು. ಇದಕ್ಕೆ ಆಧಾರ ಗ್ರಂಥಾಲಯದ ರಿಜಿಸ್ಟರು ಮತ್ತು ಪುಸ್ತಕದ ಹಿಂಬದಿಯಲ್ಲಿ ಅಂಟಿಸಿದ ತಾರೀಖಿನ ಚೀಟಿ. ಚೀಟಿಯ ಮೇಲೆ ಮೊಹರು ಬಿದ್ದಿಲ್ಲವೆಂದರೆ ಪುಸ್ತಕಕ್ಕೆ ಬೇಡಿಕೆಯಿಲ್ಲ ಎಂದು ತೀರ್ಮಾನ. ಈ ಚೀಟಿಯನ್ನು ನಾನು ಅಷ್ಟು ಸುಲಭವಾಗಿ ನಂಬಲಾರೆ. ಅದು ಹೇಳುವುದಕ್ಕಿಂತ ಹೇಳದೆ ಬಿಡುವುದೇ ಹೆಚ್ಚು.

ಒಂದು ಉದಾಹರಣೆ ಕೊಡುತ್ತೇನೆ. ಲಕ್ಷ್ಮೀಶನ ಕಾವ್ಯದ ಒಂದು ಭಾಗ 'ವೀರಲವ' ಎಂಬ ಹೆಸರಿನಿಂದ ಹತ್ತನೆಯ ತರಗತಿಯ ಪಠ್ಯಪುಸ್ತಕದಲ್ಲಿ ಬಂದಿದೆ. ಲವ ಯಜ್ಞದ ಕುದುರೆಯನ್ನು ಕಟ್ಟಿಹಾಕುವ ಪ್ರಸಂಗ. ಮಕ್ಕಳಿಗೆ ಬಲು ಇಷ್ಟ. ಒಂದು ವರ್ಷ ಈ ಪಾಠ ಮುಗಿದ ಮೇಲೆ ಒಬ್ಬ ಹುಡುಗಿಯ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಅಕ್ಕೋರೇ, ಪಾಠದಾಗ ಕುದುರಿ ಕಟ್ಟೂತನಾ ಬಂದು ಕತಿ ನಿಂತದ. ಸೀತಿ ಮುಂದೇನಾದಳು ಅಂತ ಅತ್ತಿಯವರು ದಿನಾ ಕೇಳ್ತಾರ. ಪುಸ್ತಕದಾಗ ಅದ ಏನ್ರಿ?" ಎಂದು ಕೇಳಿದಳು. ಪಠ್ಯಪುಸ್ತಕ ಮಾಡಿದವರಿಗೆ ಲವನ ಶೌರ್ಯ ಸಾಕಾಗಿತ್ತು. ಆ ಮನೆಯ ಮುದುಕಿಗೆ ಸೀತೆಯ ಗತಿ ಏನಾಯಿತೆಂದು ತಿಳಿಯಬೇಕಿತ್ತು. ಗರ್ಭಿಣಿ ಸೀತೆಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟು ಬರುವ ಸಂದರ್ಭವನ್ನು ಲಕ್ಷ್ಮೀಶ ಕರುಳು ಹಿಂಡುವಂತೆ ಬರೆದಿದ್ದಾನೆ. ಆ ಅಜ್ಜಿ ಅದನ್ನು ಚಿಕ್ಕಂದಿನಲ್ಲಿ ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದಳು. ಅಕ್ಷರ ಬಾರದ ಅವಳಿಗೆ ಮತ್ತೆ ಕೇಳುವ ಆಸೆ.

ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕಿತು. ಹಿಂಬದಿಯ ಚೀಟಿಯಲ್ಲಿ ಕೊನೆಯ ಮೊಹರು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರ್ಡು ಹುಡುಗಿಯ ತಂದೆಯ ಹೆಸರಿನಲ್ಲಿದ್ದುದರಿಂದ ರಿಜಿಸ್ಟರಿನಲ್ಲಿ ಆತನ ಹೆಸರು ಬರೆದರು. ಆತ ಪುಸ್ತಕ ತೆರೆದೂ ನೋಡಿರಲಿಕ್ಕಿಲ್ಲ. ಮನೆಯಲ್ಲಿ ಹುಡುಗಿ ತಡವರಿಸುತ್ತ ಓದಿದಳು; ತಾಯಿ ರೊಟ್ಟಿ ಬಡಿಯುತ್ತ ಕೇಳಿದಳು; ಅಜ್ಜಿ ಅರ್ಥವಾಗದ ಕಡೆ ಕಥೆ ಹೇಳಿ ಅರ್ಥ ಮಾಡಿಸಿದಳು. ಅಕ್ಷರ ಬಲ್ಲವಳಿಗೆ ಹಳೆಯ ಮಾತು ತಿಳಿಯದು, ಹಳೆಯ ಮಾತು ಬಲ್ಲವಳಿಗೆ ಅಕ್ಷರ ತಿಳಿಯದು. ಇಬ್ಬರೂ ಸೇರಿ ಒಂದು ಪುಸ್ತಕ ಓದಿದರು. ಇದೆಲ್ಲ ರಿಜಿಸ್ಟರಿನಲ್ಲಿ ಎಲ್ಲಿದೆ? ಅಲ್ಲಿ ಇರುವುದು ಒಬ್ಬ ಗಂಡಸಿನ ಹೆಸರು, ಒಂದು ತಾರೀಖು. ಇಪ್ಪತ್ತು ವರ್ಷದಲ್ಲಿ ಒಂದು ಸಲ. ಎರಡೇ ವರ್ಷದ ಹಿಂದೆ ಯಾರಾದರೂ ಆ ಕಪಾಟು ಖಾಲಿ ಮಾಡಿದ್ದರೆ ಆ ಒಂದು ಸಲವೂ ಇರುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಹೆಂಗಸರು ಗ್ರಂಥಾಲಯಕ್ಕೆ ಹೋಗಿ ಕೂತು ಓದುವುದು ಇಂದಿಗೂ ಕಡಿಮೆ. ಪತ್ರಿಕೆಗಳ ಮೇಜಿನ ಸುತ್ತ ಗಂಡಸರೇ ಇರುತ್ತಾರೆ. ಸಂಜೆಯ ಹೊತ್ತು ಅದು ತೆರೆದಿರುವಾಗ ನಾವು ಒಲೆಯ ಮುಂದೆ. ಮಗನನ್ನೋ ತಮ್ಮನನ್ನೋ ಕಳಿಸಿ, "ತ್ರಿವೇಣಿಯವರದು ಯಾವುದಾದರೂ ಇದ್ದರೆ ತಾ, ಇಲ್ಲಾಂದ್ರೆ ಸಾಯಿಸುತೆ ತಾ" ಎಂದು ಹೇಳಿ ತರಿಸಿಕೊಳ್ಳುತ್ತೇವೆ. ಕಪಾಟಿನ ಮುಂದೆ ನಿಂತು, ಒಂದೊಂದೇ ಪುಸ್ತಕ ತೆಗೆದು, ಎರಡು ಪುಟ ತಿರುವಿ, ಇದು ಬೇಡ ಅದು ಬೇಕು ಎಂದು ಆರಿಸುವ ಸುಖ ನಮ್ಮಲ್ಲಿ ಎಷ್ಟು ಜನರಿಗೆ ಸಿಕ್ಕಿದೆ? ಆರಿಸುವ ಅವಕಾಶವೇ ಇಲ್ಲದವರ ರುಚಿಯನ್ನು ರಿಜಿಸ್ಟರು ನೋಡಿ ನಿರ್ಧರಿಸುವುದು, ಬಡಿಸದೆ ಇಟ್ಟ ಪಲ್ಯವನ್ನು ಯಾರೂ ತಿನ್ನಲಿಲ್ಲ, ಯಾರಿಗೂ ಸೇರುವುದಿಲ್ಲ ಎಂದು ಹೇಳಿದಂತೆ.

ತ್ರಿವೇಣಿಯವರ ಹೆಸರು ಬಂತು. ಜನಪ್ರಿಯ ಕಾದಂಬರಿಗಳನ್ನು ಕಂಡರೆ ಮೂಗು ಮುರಿಯುವ ಜಾತಿಯವಳು ನಾನಲ್ಲ. ನಾನು ಬೆಳೆದದ್ದೇ ಅವುಗಳನ್ನು ಓದಿ. ಅವುಗಳ ಗತಿಯನ್ನೇ ನೋಡಿ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಅಂದು ಇವು ಹೆಂಗಸರು ಮಧ್ಯಾಹ್ನ ಓದುವ ಕಾದಂಬರಿಗಳು. ಸಾವಿರ ಕೈ ದಾಟಿ, ರಟ್ಟು ಹರಿದು, ಹೊಲಿಗೆ ಬಿಚ್ಚಿದ ಪುಸ್ತಕಗಳು. ಇಂದು 'ಫಣಿಯಮ್ಮ'ನನ್ನು ಕಾಲೇಜುಗಳಲ್ಲಿ ಚರ್ಚಿಸುತ್ತಾರೆ, ವಿಧವೆಯ ಬಾಳನ್ನು ತಿಳಿಯಲು ಅದನ್ನು ಹುಡುಕಿಕೊಂಡು ಬರುತ್ತಾರೆ. ಇನ್ನೊಂದು ಕಡೆ ಜೈಮಿನಿ ಭಾರತವನ್ನು ನೋಡಿ. ಒಂದು ಕಾಲಕ್ಕೆ ಅದರಷ್ಟು ಜನ ಓದಿದ, ಓದಿಸಿ ಕೇಳಿದ ಕಾವ್ಯ ಕನ್ನಡದಲ್ಲಿ ಕಡಿಮೆ. ಅದರ ಮೂವತ್ತನಾಲ್ಕು ಸಂಧಿಗಳಲ್ಲಿ ಬರುವ ಚಂದ್ರಹಾಸ, ಸುಧನ್ವ, ಬಭ್ರುವಾಹನರ ಕಥೆಗಳು ಗುಡಿಯ ಕಟ್ಟೆಯ ಮೇಲೆ, ಬಯಲಾಟದ ಅಟ್ಟದ ಮೇಲೆ ರಾತ್ರಿಯೆಲ್ಲ ನಡೆಯುತ್ತಿದ್ದವು. ಅಂದು ಎಲ್ಲರ ಮನೆಮಾತಾಗಿದ್ದದ್ದು ಇಂದು ಕಪಾಟಿನಲ್ಲಿ ಒಂಟಿಯಾಗಿ ನಿಂತಿದೆ. ಅಂದು ಹಗುರವೆಂದು ತಳ್ಳಿದ್ದು ಇಂದು ಗಟ್ಟಿಯಾಗಿ ನಿಂತಿದೆ. ಇಂದಿನ ಬೇಡಿಕೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ನಾವು ಎರಡನ್ನೂ ಕಳೆದುಕೊಳ್ಳುತ್ತೇವೆ: ಓದುವವರಿಲ್ಲವೆಂದು ಕಾವ್ಯವನ್ನು, ಓದಿ ಓದಿ ಹರಿದುಹೋಯಿತೆಂದು ಕಾದಂಬರಿಯನ್ನು.

ಹೆಣ್ಣುಮಕ್ಕಳು ಬರೆದದ್ದಂತೂ ಮೊದಲು ಮಾಯವಾಗುತ್ತದೆ. ನಂಜನಗೂಡು ತಿರುಮಲಾಂಬಾ ಅವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಸ್ವಂತ ಗ್ರಂಥಮಾಲೆ ನಡೆಸಿ, ಹೆಣ್ಣುಮಕ್ಕಳಿಗಾಗಿ 'ಕರ್ನಾಟಕ ನಂದಿನಿ' ಪತ್ರಿಕೆ ಹೊರಡಿಸಿದವರು. ಅವರ ಒಂದು ಪುಸ್ತಕದ ಹೆಸರು ಹೇಳಿ ಎಂದು ನಮ್ಮ ಶಿಕ್ಷಕಿಯರ ಸಭೆಯಲ್ಲಿ ಕೇಳಿದರೆ ಎಷ್ಟು ಕೈ ಏಳುತ್ತವೆ? ಅವರ ಬಗ್ಗೆ ಮುಂದೆ ಯಾರಾದರೂ ಬರೆಯಲು ಆದದ್ದು ಎಲ್ಲೋ ಯಾವುದೋ ಗ್ರಂಥಾಲಯದ ಮೂಲೆಯಲ್ಲಿ ಆ ಪ್ರತಿಗಳು ಉಳಿದಿದ್ದರಿಂದ.

ಉಳಿಸುವುದು ಎಂದರೆ ಏನೆಂಬುದನ್ನು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಮಾನ್ಯಖೇಟದಲ್ಲಿ, ಈಗಿನ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರ ಹೊತ್ತಿಗೆ 'ಕವಿರಾಜಮಾರ್ಗ' ಹುಟ್ಟಿತು. ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವೆ ಸಾವಿರಕ್ಕೂ ಹೆಚ್ಚು ವರ್ಷ. ಆ ಕಾಲದುದ್ದಕ್ಕೂ ಅದನ್ನು ಎಷ್ಟು ಜನ ಕೇಳಿ ಒಯ್ದಿರಬಹುದು? ಆದರೂ ಒಂದೊಂದು ತಲೆಮಾರಿನಲ್ಲಿ ಯಾರೋ ಒಬ್ಬರು ಗರಿ ಹಳತಾದಾಗ ಹೊಸ ಗರಿಯ ಮೇಲೆ ಪ್ರತಿ ಮಾಡಿಟ್ಟರು. ಹಾಗೆ ಮಾಡಿದ್ದರಿಂದಲೇ ಕನ್ನಡಕ್ಕೆ ಇಷ್ಟು ವರ್ಷದ ಸಾಹಿತ್ಯವಿದೆ ಎಂದು ಇಂದು ನಾವು ಹೇಳಿಕೊಳ್ಳುತ್ತೇವೆ.

ವಚನಗಳ ಕಥೆಯೂ ಇದೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠಗಳನ್ನು, ಮನೆಗಳನ್ನು ಅಲೆದು ತಾಡೋಲೆ ಕಟ್ಟುಗಳನ್ನು ಕೂಡಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಹೊರಬಂತು. ಆ ಕಟ್ಟುಗಳನ್ನು ಎಷ್ಟೋ ಮನೆಗಳಲ್ಲಿ ಯಾರೂ ಬಿಚ್ಚಿ ಓದುತ್ತಿರಲಿಲ್ಲ. ದೇವರ ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚುತ್ತಿದ್ದರು. ಓದುವವರಿಲ್ಲವೆಂದು ಒಲೆಗೆ ಹಾಕಿದ್ದರೆ? ಮುಂದೆ 1993ರಲ್ಲಿ ಕರ್ನಾಟಕ ಸರಕಾರ ಹದಿನೈದು ಸಂಪುಟಗಳಲ್ಲಿ 'ಸಮಗ್ರ ವಚನ ಸಂಪುಟ'ವನ್ನು ತಂದಿತು. ಎಂ. ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ಅದರ ಐದನೆಯ ಸಂಪುಟ ಪೂರ್ತಿ ಶಿವಶರಣೆಯರ ವಚನಗಳಿಗೇ ಮೀಸಲು. ಅದರಲ್ಲಿ ದುಗ್ಗಳೆ ಇದ್ದಾಳೆ. ಮುದನೂರಿನ ಜೇಡರ ದಾಸಿಮಯ್ಯನ ಹೆಂಡತಿ. ಗಂಡನ ಜೊತೆ ನೂಲು, ಮಗ್ಗದ ನಡುವೆ ಬಾಳಿದವಳು. ಅವಳದೆಂದು ನಮಗೆ ಸಿಕ್ಕಿರುವುದು ಎರಡೇ ವಚನ. ಸಾವಿರ ವರ್ಷದ ಹಿಂದಿನ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳ ಸ್ವಂತ ಮಾತು ಎರಡು ವಚನದಷ್ಟು! ಒಂದು ಗರಿ ಹುಳ ತಿಂದಿದ್ದರೆ ಅದೂ ಇಲ್ಲ. ಹೆಣ್ಣು, ಗಂಡು ಎಂಬ ಭೇದ ಒಳಗಿನ ಆತ್ಮಕ್ಕಿಲ್ಲ ಎಂದು ಹೇಳಿದ ಅವಳ ಗಂಡನ ಮಾತು ಭಾಷಣಗಳಲ್ಲಿ ಬಹಳ ಕೇಳುತ್ತೇವೆ. ಅವಳ ಮಾತು ಕೇಳಬೇಕೆಂದರೆ ಆ ಐದನೆಯ ಸಂಪುಟವನ್ನೇ ತೆರೆಯಬೇಕು. ಅದು ನಮ್ಮ ಊರಿನ ಗ್ರಂಥಾಲಯದಲ್ಲಿ ಇರಬೇಕೋ ಬೇಡವೋ ಎಂಬುದನ್ನು ತಾರೀಖಿನ ಚೀಟಿ ತೀರ್ಮಾನಿಸಬೇಕೇ?

ನಮ್ಮ ಮನೆಗಳಲ್ಲಿ ಬಿತ್ತುವ ಜೋಳವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿ ಬೇರೆಯಾಗಿ ಇಡುತ್ತಿದ್ದರು. ಆರು ತಿಂಗಳು ಯಾರೂ ಅದರ ಮುಚ್ಚಳ ತೆಗೆಯುತ್ತಿರಲಿಲ್ಲ. ಮನೆಯಲ್ಲಿ ಹಿಟ್ಟು ತೀರಿದ ದಿನವೂ ನಮ್ಮ ಅವ್ವಂದಿರು ಅದನ್ನು ಬೀಸಲಿಲ್ಲ. ಬಳಸದೆ ಇಟ್ಟದ್ದೆಲ್ಲ ಉಪಯೋಗವಿಲ್ಲದ್ದು ಎಂದು ಅವರು ತಿಳಿದಿದ್ದರೆ ಮುಂದಿನ ವರ್ಷ ಹೊಲಕ್ಕೆ ಏನು ಒಯ್ಯುತ್ತಿದ್ದರು?

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ಎರಡು ಮಾತು ಹೇಳಬೇಕು. ಪುಸ್ತಕವೆಂದರೆ ಸರಸ್ವತಿ, ಒಂದು ಹಾಳೆಯನ್ನೂ ಹೊರಗೆ ಹಾಕಬಾರದು ಎನ್ನುವವರಿದ್ದಾರೆ. ಅವರು ಗ್ರಂಥಾಲಯಕ್ಕೆ ಬರುವುದು ಪುಸ್ತಕ ಬಿಡುಗಡೆಯ ದಿನ ಮಾತ್ರ. ಅವರ ಸರಸ್ವತಿ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು, ಗೆದ್ದಲು ಹಿಡಿಸಿಕೊಂಡು, ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ಹಪ್ಪಳದಂತೆ ಗರಿಗರಿಯಾಗಿ ಕೂತಿರುತ್ತಾಳೆ. ಮುಟ್ಟಿದರೆ ಪುಟ ಮುರಿಯುತ್ತದೆ. ಹೀಗೆ ಇಡುವುದು ಉಳಿಸುವುದಲ್ಲ, ನಿಧಾನವಾಗಿ ಕೊಲ್ಲುವುದು. ಬಿತ್ತುವ ಜೋಳಕ್ಕೂ ಬೂದಿ ಬೆರೆಸಬೇಕು, ನಡುನಡುವೆ ಬಿಸಿಲು ತೋರಿಸಬೇಕು. ಸುಮ್ಮನೆ ಬಿಟ್ಟರೆ ನುಸಿ ತಿನ್ನುತ್ತದೆ.

ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಹೇಳಿದರು. ಕೊನೆಯ ದಿನಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿ 1972ರಲ್ಲಿ ಅಲ್ಲೇ ತೀರಿಕೊಂಡರು; ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಪುಸ್ತಕಗಳಿರುವುದು ಬಳಕೆಗೆ ಎಂಬುದು ಅವರ ಮೊದಲ ಸೂತ್ರ. ಹಳೆಯ ಕಾವ್ಯ ತೆಗೆಯಬೇಕೆನ್ನುವವರು ಇದನ್ನೇ ಮುಂದೆ ಮಾಡುತ್ತಾರೆ. ಆದರೆ ಮೂರನೆಯ ಸೂತ್ರವನ್ನೂ ಓದಬೇಕು: ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ. ಅಂದರೆ ಕಪಾಟಿನಲ್ಲಿರುವ ಪುಸ್ತಕಕ್ಕೆ ಓದುಗನನ್ನು ಹುಡುಕಿ ತರುವ ಹೊಣೆ ಗ್ರಂಥಾಲಯದ್ದು. ಮದುವೆಗೆ ಬಂದ ಮಗಳಿಗೆ ವರ ಹುಡುಕದೆ, ಯಾರೂ ಕೇಳಿಕೊಂಡು ಬರಲಿಲ್ಲ, ತಪ್ಪು ಅವಳದೇ ಎಂದರೆ ಆದೀತೇ? ಪುಸ್ತಕದ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ಓದುಗರಿಗೆ ಪರಿಚಯಿಸಲು ನಾವೆಲ್ಲ, ಶಾಲೆಯವರೂ ಸೇರಿ, ಏನು ಮಾಡಿದ್ದೇವೆ ಎಂದು ಕೇಳಿಕೊಳ್ಳಬೇಕು.

ದೊಡ್ಡ ಊರು, ದೊಡ್ಡ ದೇಶ ಎಂದ ಮಾತ್ರಕ್ಕೆ ಬುದ್ಧಿಯೂ ದೊಡ್ಡದಿರುತ್ತದೆ ಎಂದೇನಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1996ರಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಹೊಸ ಕಟ್ಟಡವಾಯಿತು. ಅದರ ಹಿಂದುಮುಂದಿನ ದಿನಗಳಲ್ಲಿ ರಾಶಿ ರಾಶಿ ಪುಸ್ತಕಗಳನ್ನು ಊರಿನ ಕಸ ಹೂಳುವ ಜಾಗಕ್ಕೆ ಕಳಿಸಿದ್ದು ಬಯಲಾಗಿ, ನಿಕೋಲ್ಸನ್ ಬೇಕರ್ ಎಂಬ ಲೇಖಕರು ಅದರ ವಿರುದ್ಧ ಬರೆದರು, ದೊಡ್ಡ ಗದ್ದಲವಾಯಿತು. ಅಷ್ಟು ಅನುಕೂಲವಿರುವ ಊರಿನಲ್ಲಿ ಹೀಗಾದರೆ, ಕನ್ನಡ ಪುಸ್ತಕ ಬಲು ಕಷ್ಟದಿಂದ ಬಂದು ಸೇರಿದ ನಮ್ಮ ಊರುಗಳು ಎಷ್ಟು ಎಚ್ಚರವಾಗಿರಬೇಕು! 1948ರವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. ಕಚೇರಿಯ ಮಾತು ಉರ್ದು, ಮೇಲಿನ ಓದು ಉರ್ದು. ಕನ್ನಡ ಪುಸ್ತಕವೊಂದು ಊರಿಗೆ ಬಂದರೆ ಕೈಯಿಂದ ಕೈಗೆ ದಾಟುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗೆ ಬಂದು ಸೇರಿದ್ದನ್ನು ನಾವು ಕುರ್ಚಿಯ ಲೆಕ್ಕದಲ್ಲಿ ಕಳೆದುಬಿಡುವುದೇ?

ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂದು ಮಕ್ಕಳು ಹೇಳುತ್ತಾರೆ. ನಿಜ. ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಶುರುವಾಗಿದೆ. ಪದ ಹಾಕಿ ವಚನ ಹುಡುಕುವ 'ವಚನ ಸಂಚಯ' ಇದೆ. ನಾನೂ ಪಾಠಕ್ಕೆ ಬಳಸುತ್ತೇನೆ, ಬಹಳ ಉಪಕಾರವಾಗಿದೆ. ಆದರೆ ಅಲ್ಲಿ ಹುಡುಕಬೇಕೆಂದರೆ ಏನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ದುಗ್ಗಳೆ ಎಂಬ ಹೆಸರೇ ಕೇಳದ ಹುಡುಗಿ ಅವಳನ್ನು ಹೇಗೆ ಹುಡುಕುತ್ತಾಳೆ? ಕಪಾಟಿನ ಮುಂದೆ ನಿಂತವಳಿಗೆ ಅಕ್ಕಮಹಾದೇವಿಯನ್ನು ಹುಡುಕುವಾಗ ಪಕ್ಕದ ಪುಟದಲ್ಲಿ ದುಗ್ಗಳೆ ತಾನಾಗಿ ಸಿಗುತ್ತಾಳೆ. ಇನ್ನು ಎಷ್ಟೋ ಮನೆಗಳಲ್ಲಿ ಇರುವ ಒಂದು ದೊಡ್ಡ ಮೊಬೈಲು ಗಂಡಸರ ಜೇಬಿನಲ್ಲಿರುತ್ತದೆ, ಇಲ್ಲ ಮಕ್ಕಳ ಕೈಯಲ್ಲಿರುತ್ತದೆ. ಎರಡೂ ಇರಲಿ. ಒಂದು ಬಂತೆಂದು ಇನ್ನೊಂದನ್ನು ಹೊರಗೆ ಹಾಕುವುದು ಬೇಡ.

ಹಾಗಾದರೆ ಮಾಡಬೇಕಾದದ್ದೇನು? ನನಗೆ ತೋಚಿದ್ದನ್ನು ಹೇಳುತ್ತೇನೆ. ಗ್ರಂಥಾಲಯದಲ್ಲಿ ತೆಗೆಯಬಹುದಾದದ್ದು ಬೇಕಾದಷ್ಟಿದೆ. ಪಠ್ಯಕ್ರಮ ಬದಲಾದ ಮೇಲೂ ಉಳಿದ ಗೈಡುಗಳು, ಹತ್ತು ವರ್ಷದ ಹಿಂದಿನ ಸಾಮಾನ್ಯ ಜ್ಞಾನದ ಪುಸ್ತಕಗಳು, ತಿದ್ದುಪಡಿಯಾಗಿ ಹೋದ ಕಾನೂನಿನ ಪುಸ್ತಕಗಳು, ಒಂದೇ ಪುಸ್ತಕದ ಐದಾರು ಪ್ರತಿಗಳು. ಹಳೆಯ ಕಾನೂನು, ಹಳೆಯ ಅಂಕಿಸಂಖ್ಯೆ ಓದಿ ಪರೀಕ್ಷೆಗೆ ಹೋದ ಹುಡುಗನಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಇವನ್ನು ತೆಗೆದರೆ ಆ ನಾಲ್ಕು ಕುರ್ಚಿಗೂ ಜಾಗ ಸಿಗುತ್ತದೆ. ಕಾವ್ಯಗಳಲ್ಲೂ ಪ್ರತಿ ಶಾಖೆಯಲ್ಲಿ ಎಲ್ಲವೂ ಇರಬೇಕೆಂದು ನಾನು ಹೇಳುವುದಿಲ್ಲ. ಯಾದಗಿರಿ 2009ರಲ್ಲಿ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಪೂರ್ತಿ ಕಟ್ಟು ಇರಲಿ. ಶಹಾಪುರ, ಸುರಪುರದಂಥ ಊರುಗಳಲ್ಲಿ ಮುಖ್ಯವಾದವು ಮತ್ತು ಆ ಸೀಮೆಗೆ ಸೇರಿದ ಕವಿಗಳ ಪುಸ್ತಕಗಳು ಒಂದೊಂದು ಒಳ್ಳೆಯ ಪ್ರತಿಯಾದರೂ ಇರಲಿ. ಯಾವುದನ್ನು ತೆಗೆಯುವ ಮೊದಲೂ ಅದು ಜಿಲ್ಲೆಯಲ್ಲಿರುವ ಕೊನೆಯ ಪ್ರತಿಯೇ ಎಂದು ನೋಡುವ ನಿಯಮವಿರಲಿ. ಕೊನೆಯ ಪ್ರತಿಯಾದರೆ ಮುಟ್ಟಬಾರದು. ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಲಾರದ ಹೆಣ್ಣುಮಗಳು ತನ್ನ ಊರಿನಲ್ಲೇ ಕೇಳಿದರೆ ಅಲ್ಲಿಂದ ತರಿಸಿಕೊಡುವ ಏರ್ಪಾಡು ಇರಲಿ.

ಎರಡನೆಯದು, ಓದಲು ಬರುವಂಥ ಪ್ರತಿ ಬೇಕು. ಟಿಪ್ಪಣಿಯಿಲ್ಲದ ಬರಿಯ ಮೂಲವನ್ನು ಇಟ್ಟು ಯಾರೂ ಓದುವುದಿಲ್ಲ ಎಂದರೆ ಹೇಗೆ? ಬಿ.ಎ.ಯಲ್ಲಿ ಕನ್ನಡ ಓದಿದ ನಮಗೇ ಪಂಪ ಒಂದೇ ಏಟಿಗೆ ತಿಳಿಯುವುದಿಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯಂಥ ಪುಸ್ತಕ ಪಕ್ಕದಲ್ಲಿದ್ದರೆ ದಾರಿ ಕಾಣುತ್ತದೆ. ಗದ್ಯಾನುವಾದ ಇರುವ ಪ್ರತಿಗಳನ್ನು ತರಿಸಿ ಮೂಲದ ಪಕ್ಕದಲ್ಲೇ ಇಡಬೇಕು. ಮೂರನೆಯದು, ಅಲ್ಲೇ ಕೂತು ಓದಿದ್ದನ್ನೂ ಲೆಕ್ಕ ಹಿಡಿಯಬೇಕು. ಓದಿದ ಪುಸ್ತಕವನ್ನು ಕಪಾಟಿಗೆ ಹಾಕದೆ ಮೇಜಿನ ಮೇಲೇ ಬಿಡಿ ಎಂದು ಹೇಳಿ, ಸಂಜೆ ಎಣಿಸಿ ಬರೆದುಕೊಂಡರೆ ಆಯಿತು. ಇದಕ್ಕೆ ಖರ್ಚೇನೂ ಇಲ್ಲ.

ನಾಲ್ಕನೆಯದು ನಮ್ಮ ಕೆಲಸ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ. ಅದು ನಾವು ಕೊಡುವ ಹಣ; ಗ್ರಂಥಾಲಯ ಯಾರೋ ಕೊಟ್ಟ ದಾನವಲ್ಲ. ಆದ್ದರಿಂದ ಕಾರ್ಡು ನಮ್ಮ ಹೆಸರಿನಲ್ಲೇ ಮಾಡಿಸೋಣ. ಮಗನ ಕೈಯಲ್ಲಿ ಹೇಳಿ ಕಳಿಸುವ ಬದಲು ತಿಂಗಳಿಗೆ ಒಂದು ಸಲವಾದರೂ ನಾವೇ ಹೋಗೋಣ. ಒಬ್ಬರೇ ಹೋಗಲು ಸಂಕೋಚವಾದರೆ ಓಣಿಯ ನಾಲ್ವರು ಸೇರಿ ಹೋಗೋಣ. ವಾರಕ್ಕೆ ಒಂದು ಮಧ್ಯಾಹ್ನ ಹೆಣ್ಣುಮಕ್ಕಳಿಗೆಂದು ಮೇಜು ಬಿಡಿ ಎಂದು ಕೇಳೋಣ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಹಳ್ಳಿಯ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ನಡೆಯಿತು. ಮಕ್ಕಳಿಗೆ ಆದದ್ದು ತಾಯಂದಿರಿಗೆ ಯಾಕಾಗಬಾರದು? ಶ್ರಾವಣದಲ್ಲಿ ಗುಡಿಗಳಲ್ಲಿ ಪುರಾಣ ಹಚ್ಚುತ್ತೇವಲ್ಲ, ಹಾಗೆಯೇ ಗ್ರಂಥಾಲಯದ ಅಂಗಳದಲ್ಲಿ ಒಂದು ವಾರ ಜೈಮಿನಿ ಭಾರತ ಓದಿಸಿ ಅರ್ಥ ಹೇಳಿಸೋಣ. ಕೇಳಿದವರಲ್ಲಿ ಇಬ್ಬರಾದರೂ ಮರುದಿನ ಆ ಪುಸ್ತಕ ಕೇಳಿಕೊಂಡು ಬರುತ್ತಾರೆ.

ಪರೀಕ್ಷೆಗೆ ಓದುವ ಮಕ್ಕಳಿಗೆ ಕುರ್ಚಿ ಬೇಕು, ಬೆಳಕು ಬೇಕು, ಹೊಸ ಪುಸ್ತಕ ಬೇಕು. ಅದನ್ನು ಕೊಡುವುದು ಸಮಾಜದ ಕರ್ತವ್ಯ. ಆದರೆ ಆ ಕುರ್ಚಿಯ ಬೆಲೆಯನ್ನು ದುಗ್ಗಳೆಯಿಂದ, ಲಕ್ಷ್ಮೀಶನಿಂದ ವಸೂಲು ಮಾಡುವುದು ಬೇಡ. ಅವರು ಬಡವರು, ಅವರ ಪರವಾಗಿ ಅರ್ಜಿ ಕೊಡುವವರಿಲ್ಲ, ಮೆರವಣಿಗೆ ತೆಗೆಯುವವರಿಲ್ಲ. ನೌಕರಿ ಸಿಕ್ಕಿ, ಮದುವೆಯಾಗಿ, ಮಕ್ಕಳಾಗಿ, ಒಂದು ದಿನ ತನ್ನ ಊರಿನಲ್ಲಿ ಹಿಂದೆ ಯಾರಿದ್ದರು, ಏನು ಹೇಳಿದರು ಎಂದು ಆ ಕುರ್ಚಿಯಲ್ಲಿ ಕೂತು ಓದಿದ ಹುಡುಗಿಗೇ ಕೇಳಬೇಕೆನ್ನಿಸುತ್ತದೆ. ಆಗ ಅವಳು ಗ್ರಂಥಾಲಯಕ್ಕೆ ಬಂದರೆ ಆ ಪುಸ್ತಕ ಅಲ್ಲಿರಬೇಕು. ಅವಳು ಬರುವ ತಾರೀಖು ಯಾವ ಚೀಟಿಯ ಮೇಲೂ ಬರೆದಿರುವುದಿಲ್ಲ.